ಅಂಕೆಯ ಗಣಿತ: ಚಲನಶೀಲ ವ್ಯವಸ್ಥೆ ಮತ್ತು ನಿಯಂತ್ರಣ ಸಿದ್ಧಾಂತದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಿಗ್ಗೆ ಮಲ್ಲೇಶ್ವರದ ನಮ್ಮ ಮನೆಯ ಮಹಡಿಯಲ್ಲಿ ಎಂಟು ಹತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸೇರುತ್ತಾರೆ. ಹೆಚ್ಚಿನವರು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವರು. ಲಾಪ್ಲಾಸ್ ರೂಪಾಂತರ ಎಂಬ ಗಣಿತ ತಂತ್ರದ ಕೋಷ್ಟಕ ಅವರಿಗೆ ಬಾಯಿಪಾಠ ಬರುತ್ತದೆ. ಅದು ಯಾತಕ್ಕೆ ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ವರ್ಷ ವರ್ಷವೂ ಹೊಸ ಮುಖಗಳು ಬರುತ್ತವೆ, ಪ್ರಶ್ನೆಗಳು ಮಾತ್ರ ಅವೇ. ಬರೆದಿಟ್ಟರೆ ನನ್ನ ಗಂಟಲಾದರೂ ಉಳಿದೀತು ಎಂದು ಇಲ್ಲಿ ಬರೆದಿದ್ದೇನೆ.

ಚಲನಶೀಲ ವ್ಯವಸ್ಥೆ ಎಂದರೆ ಓಡಾಡುವ ಯಂತ್ರವೇ?

ಓಡಾಡಲೇಬೇಕೆಂದಿಲ್ಲ. ಹೊತ್ತು ಕಳೆದಂತೆ ಬದಲಾಗುವ ಒಂದು ಸಂಗತಿ, ಆ ಬದಲಾವಣೆಗೆ ಒಂದು ನಿಯಮ, ಇವೆರಡಿದ್ದರೆ ಸಾಕು. ಮೇಜಿನ ಮೇಲೆ ಮರೆತುಬಿಟ್ಟ ಕಾಫಿಯನ್ನು ನೋಡಿ. ಲೋಟ ಕದಲುವುದಿಲ್ಲ, ಆದರೆ ಬಿಸಿ ಇಳಿಯುತ್ತಿದೆ. ಕೋಣೆಗಿಂತ ಎಷ್ಟು ಹೆಚ್ಚು ಬಿಸಿ ಇದೆಯೋ ಅದಕ್ಕೆ ತಕ್ಕ ವೇಗದಲ್ಲಿ ಕಾಫಿ ತಣಿಯುತ್ತದೆ ಎಂಬುದು ನಿಯಮ. ಕಾಫಿ 70 ಡಿಗ್ರಿ, ಕೋಣೆ 26 ಡಿಗ್ರಿ ಎಂದುಕೊಳ್ಳಿ. ವ್ಯತ್ಯಾಸ 44. ಒಂದು ‘ಕಾಲಸ್ಥಿರಾಂಕ’ ಕಳೆದಾಗ ಆ ವ್ಯತ್ಯಾಸದಲ್ಲಿ ಶೇಕಡ 37ರಷ್ಟು ಮಾತ್ರ ಉಳಿದು ಕಾಫಿ ಸುಮಾರು 42 ಡಿಗ್ರಿಗೆ ಬರುತ್ತದೆ. ಅಷ್ಟೇ ಹೊತ್ತು ಮತ್ತೆ ಕಳೆದರೆ 32. ಆರಂಭದಲ್ಲಿ ಅವಸರ, ಕೊನೆಯಲ್ಲಿ ಆಲಸ್ಯ. ನಿಮ್ಮ ಪಠ್ಯದಲ್ಲಿ ‘ಮೊದಲ ದರ್ಜೆಯ ವ್ಯವಸ್ಥೆ’ ಎಂದು ಇಡೀ ಅಧ್ಯಾಯವಿರುವುದು ಇದಕ್ಕೇ.

‘ಸ್ಥಿತಿ’ ಎಂದು ಪದೇ ಪದೇ ಬರುತ್ತದಲ್ಲ, ಅದೇನು?

ಮುಂದೇನಾಗುತ್ತದೆ ಎಂದು ಹೇಳಲು ಈ ಕ್ಷಣದಲ್ಲಿ ತಿಳಿದಿರಬೇಕಾದ ಅಂಕಿಗಳ ಪಟ್ಟಿಯೇ ಸ್ಥಿತಿ. ಹಿಂದಿನ ಕಥೆಯನ್ನೆಲ್ಲ ಕೆದಕಬೇಕಾಗಿಲ್ಲ. ಕಾಫಿಗೆ ಒಂದೇ ಅಂಕಿ ಸಾಕು. ಜೋಕಾಲಿಗೆ ಎರಡು ಬೇಕು: ಎಷ್ಟು ವಾಲಿದೆ, ಯಾವ ವೇಗದಲ್ಲಿ ಹೋಗುತ್ತಿದೆ. ನಟ್ಟನಡುವೆ ಇರುವ ಜೋಕಾಲಿಯ ಫೋಟೋ ತೋರಿಸಿ ಮುಂದೇನು ಎಂದು ಕೇಳಿದರೆ ಯಾರಿಗೂ ಹೇಳಲಾಗದು. ಅದು ಸುಮ್ಮನೆ ನಿಂತಿರಬಹುದು, ಜೋರಾಗಿ ಬೀಸುತ್ತಲೂ ಇರಬಹುದು.

ಸಮೀಕರಣ ಬಿಡಿಸಲು ಬರದಿದ್ದರೆ ಈ ವಿಷಯ ನನಗಲ್ಲವೇ?

ಬದಲಾವಣೆಯ ನಿಯಮವನ್ನು ಬರೆಯುವ ಅವಕಲ ಸಮೀಕರಣಗಳಲ್ಲಿ ಬಿಡಿಸಲು ಬರುವವೇ ಕಡಿಮೆ. ನಿಮ್ಮ ಪ್ರಶ್ನೆಪತ್ರಿಕೆಯಲ್ಲಿ ಬರುವುದು ಆ ಕೆಲವೇ ಕೆಲವು, ಅಷ್ಟೇ. 19ನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಆನ್ರಿ ಪ್ವಾಂಕರೆ ದಾರಿಯನ್ನೇ ಬದಲಿಸಿದ. ಉತ್ತರದ ಸೂತ್ರವನ್ನು ಹುಡುಕುವುದು ಬಿಟ್ಟು, ಎಲ್ಲ ಉತ್ತರಗಳೂ ಸೇರಿ ಎಂಥ ಚಿತ್ರ ಬರೆಯುತ್ತವೆ ಎಂದು ನೋಡಲು ಹೊರಟ. ಜೋಕಾಲಿಯ ವಾಲುವಿಕೆಯನ್ನು ಅಡ್ಡಕ್ಕೆ, ವೇಗವನ್ನು ಉದ್ದಕ್ಕೆ ಗುರುತಿಸುತ್ತ ಹೋಗಿ. ಗಾಳಿಯ ತಡೆ ಇಲ್ಲದಿದ್ದರೆ ಮುಚ್ಚಿದ ಬಳೆ, ಇದ್ದರೆ ಒಳಕ್ಕೆ ಸುತ್ತುವ ಚಕ್ಕುಲಿ. ಚಕ್ಕುಲಿಯನ್ನು ನೋಡಿದರೇ ಸಾಕು, ಕೊನೆಗೆ ಜೋಕಾಲಿ ನಿಲ್ಲುತ್ತದೆಂದು ಗೊತ್ತಾಗುತ್ತದೆ. ಸೂತ್ರ ಬೇಕಾಗಲಿಲ್ಲ.

ಸ್ಥಿರ, ಅಸ್ಥಿರ ಎಂದು ಹೇಗೆ ಗುರುತಿಸುವುದು?

ಸಮತೋಲನದಲ್ಲಿರುವುದನ್ನು ತುಸು ಅಲುಗಿಸಿ ನೋಡುವುದು. ಮರಳಿ ಬಂದರೆ ಸ್ಥಿರ, ದೂರ ಸರಿದರೆ ಅಸ್ಥಿರ. ಬಾಣಲೆಯ ತಳದಲ್ಲಿರುವ ಗೋಲಿ ಮೊದಲನೆಯದು. ಬೋರಲು ಹಾಕಿದ ಬಾಣಲೆಯ ನೆತ್ತಿಯ ಮೇಲಿನ ಗೋಲಿ ಎರಡನೆಯದು. ಇದನ್ನು ಗಟ್ಟಿ ಗಣಿತವಾಗಿಸಿದವನು ರಷ್ಯದ ಲ್ಯಾಪುನೋವ್, 1892ರಲ್ಲಿ. ಅವನ ಉಪಾಯ ಸೊಗಸಾದದ್ದು. ಶಕ್ತಿಯಂತೆ ವರ್ತಿಸುವ, ಸಮತೋಲನದಲ್ಲಿ ಸೊನ್ನೆಯಾಗುವ, ಬೇರೆಲ್ಲೆಡೆ ಸೊನ್ನೆಗಿಂತ ಹೆಚ್ಚಿರುವ ಒಂದು ಮೊತ್ತವನ್ನು ಹುಡುಕಿ. ವ್ಯವಸ್ಥೆ ಎಲ್ಲಿದ್ದರೂ ಆ ಮೊತ್ತ ಇಳಿಯುತ್ತಲೇ ಹೋಗುತ್ತದೆಂದು ತೋರಿಸಿದರೆ ಮುಗಿಯಿತು, ಅದು ಸ್ಥಿರ. ಅಂಥ ಮೊತ್ತವನ್ನು ಹುಡುಕುವ ಖಚಿತ ವಿಧಾನವೇನು ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಎಲ್ಲಕ್ಕೂ ಒಪ್ಪುವ ವಿಧಾನವಿಲ್ಲ.

ಅಸ್ಥಿರವಾದದ್ದನ್ನು ನಿಲ್ಲಿಸಲು ಸಾಧ್ಯವೇ?

ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದ ಮುಂದೆ ನಿಂತು ನೋಡಿ. ಕರಗ ಹೊತ್ತವರು ಅದನ್ನು ಕೈಯಿಂದ ಹಿಡಿಯದೆ, ತಲೆಯ ಮೇಲಿರಿಸಿಕೊಂಡು ಪೇಟೆಯ ಬೀದಿಗಳಲ್ಲಿ ಸಾಗುತ್ತಾರೆ. ಭಕ್ತಿಯ ಮಾತು ಅದರ ಜಾಗದಲ್ಲಿರಲಿ, ನನಗೆ ಅಲ್ಲಿ ಕಾಣುವುದು ಕತ್ತು, ಸೊಂಟ, ಪಾದ ಒಂದೇ ಸಮನೆ ಮಾಡುತ್ತಿರುವ ಸಣ್ಣ ಸಣ್ಣ ತಿದ್ದುಪಡಿಗಳು. ಮೇಲಿನ ಭಾರ ಎತ್ತ ವಾಲಿತೋ ಅತ್ತ ಕೆಳಗಿನ ಆಧಾರ ಸರಿಯುತ್ತದೆ. ವಾಲಿದ್ದನ್ನು ಅರಿಯುವುದು, ಅರಿತದ್ದಕ್ಕೆ ತಕ್ಕಂತೆ ಸರಿಯುವುದು, ಸರಿದ ಫಲವನ್ನು ಮತ್ತೆ ಅರಿಯುವುದು. ಈ ಸುತ್ತಿಗೆ ಹಿಮ್ಮಾಹಿತಿ ಎನ್ನುತ್ತೇವೆ. ಫೀಡ್‌ಬ್ಯಾಕ್ ಎಂದರೂ ನನ್ನ ತಕರಾರಿಲ್ಲ.

ಪೊರಕೆ ಕಡ್ಡಿಗಿಂತ ಉದ್ದ ಕೋಲನ್ನು ಅಂಗೈ ಮೇಲೆ ನಿಲ್ಲಿಸುವುದು ಸುಲಭ. ಒಂದು ಮೀಟರ್ ಕೋಲಿನ ವಾಲುವಿಕೆ ಸುಮಾರು 0.26 ಸೆಕೆಂಡಿಗೊಮ್ಮೆ 2.7 ಪಟ್ಟು ಬೆಳೆಯುತ್ತದೆ. 15 ಸೆಂಟಿಮೀಟರ್ ಪೆನ್ಸಿಲಿಗೆ 0.1 ಸೆಕೆಂಡೇ ಸಾಕು. ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸಲು ಸುಮಾರು 0.2 ಸೆಕೆಂಡ್ ಬೇಕು. ಅಂದರೆ ಕೋಲು ನಿಮಗೆ ಸಮಯ ಕೊಡುತ್ತದೆ, ಪೆನ್ಸಿಲ್ ಕೊಡುವುದಿಲ್ಲ. ಜಾಣತನ ಎಷ್ಟಿದ್ದರೂ ತಡವಾಗಿ ಬಂದ ಕೈಗೆ ಪೆನ್ಸಿಲ್ ಸಿಗದು.

ನಿಯಂತ್ರಣ ಎಂದರೆ ತಡೆಯುವುದಲ್ಲವೇ?

ಪೊಲೀಸರ ಭಾಷೆಯಲ್ಲಿ ಹೌದು. ನಮ್ಮಲ್ಲಿ ಬೇಕಾದಂತೆ ನಡೆಸುವುದು. ‘ಅಂಕೆಯಲ್ಲಿಡು’ ಎಂಬ ಹಳೆಯ ಮಾತು ನನಗೆ ಹೆಚ್ಚು ಇಷ್ಟ. ಅಂಕೆ ಎಂದರೆ ಹಿಡಿತ, ಅಂಕೆ ಎಂದರೆ ಸಂಖ್ಯೆಯೂ ಹೌದು. ಅಳೆಯದೆ ಹಿಡಿತದಲ್ಲಿಡಲು ಆಗದೆಂದು ಕನ್ನಡಕ್ಕೆ ಮೊದಲೇ ಗೊತ್ತಿತ್ತೋ ಏನೋ.

ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದನ್ನೆಲ್ಲ ಹೇಗೆ ಮಾಡುತ್ತಿದ್ದರು?

ಕಬ್ಬಿಣದಲ್ಲಿ, ನೀರಿನಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ವಿಶ್ವೇಶ್ವರಯ್ಯನವರ ಸ್ವಯಂಚಾಲಿತ ಗೇಟುಗಳನ್ನು 1903ರಲ್ಲಿ ಪುಣೆಯ ಹತ್ತಿರದ ಖಡಕ್‌ವಾಸ್ಲಾ ಅಣೆಕಟ್ಟಿಗೆ ಅಳವಡಿಸಿದರು. ಮುಂದೆ ಅಂಥವೇ ಗೇಟುಗಳು ಕೃಷ್ಣರಾಜಸಾಗರಕ್ಕೂ ಬಂದವು. ನೀರು ಗೊತ್ತಾದ ಮಟ್ಟ ಮುಟ್ಟಿದರೆ ಗೇಟು ತಾನೇ ತೆರೆಯುತ್ತದೆ, ಇಳಿದರೆ ತಾನೇ ಮುಚ್ಚುತ್ತದೆ. ಅಳೆಯುವುದೂ ನೀರೇ, ಎತ್ತುವುದೂ ನೀರೇ. ವಿದ್ಯುತ್ ಬೇಡ, ನಟ್ಟಿರುಳಿನಲ್ಲಿ ಎದ್ದು ಹೋಗುವ ಕಾವಲುಗಾರನೂ ಬೇಡ.

ಅದಕ್ಕೂ ಮೊದಲು, 1788ರಲ್ಲಿ, ಜೇಮ್ಸ್ ವ್ಯಾಟ್ ಉಗಿಯಂತ್ರಕ್ಕೆ ಎರಡು ತಿರುಗುವ ಗುಂಡುಗಳ ಗವರ್ನರ್ ಜೋಡಿಸಿದ್ದ. ವೇಗ ಹೆಚ್ಚಿದರೆ ಗುಂಡುಗಳು ಹೊರಕ್ಕೆ ಚಿಮ್ಮಿ ಉಗಿಯನ್ನು ಕಡಿಮೆ ಮಾಡುತ್ತಿದ್ದವು. ಮುಂದೆ ಯಂತ್ರಗಳು ಇನ್ನೂ ನಯವಾದಾಗ ಒಂದು ವಿಚಿತ್ರ ಕಂಡಿತು: ವೇಗ ನಿಲ್ಲುವ ಬದಲು ಮೇಲೆ ಕೆಳಗೆ ತೂಗಾಡತೊಡಗಿತು. ಆ ತೂಗಾಟದ ಲೆಕ್ಕ ಮಾಡಿದವನು ಮ್ಯಾಕ್ಸ್‌ವೆಲ್, 1868ರ ಪ್ರಬಂಧದಲ್ಲಿ. ವಿದ್ಯುತ್ಕಾಂತ ಅಲೆಗಳ ಅದೇ ಮ್ಯಾಕ್ಸ್‌ವೆಲ್. ನಿಯಂತ್ರಣ ಸಿದ್ಧಾಂತದ ಜನ್ಮಪತ್ರಿಕೆ ಅದು ಎನ್ನಬಹುದು.

ಹಿಮ್ಮಾಹಿತಿ ಇದ್ದರೂ ತೂಗಾಟ ಏಕೆ?

ನನ್ನ ಪಾಲಿಗೆ ಈ ವಿಷಯದ ಹೃದಯವೇ ಈ ಪ್ರಶ್ನೆ. ಉತ್ತರ ನಮ್ಮ ಬಚ್ಚಲಿನಲ್ಲಿದೆ.

ನಮ್ಮ ಮನೆಯ ಗ್ಯಾಸ್ ಗೀಸರ್ ಇರುವುದು ಅಡುಗೆಮನೆಯ ಹಿಂದಿನ ಮೂಲೆಯಲ್ಲಿ. ಬಚ್ಚಲಿಗೆ ಹತ್ತು ಮೀಟರ್ ಕೊಳವೆ. ಒಳವ್ಯಾಸ 15 ಮಿಲಿಮೀಟರ್ ಎಂದರೆ ಅದರೊಳಗೆ ಸದಾ ಸುಮಾರು ಒಂದೂಮುಕ್ಕಾಲು ಲೀಟರ್ ನೀರು. ನಿಮಿಷಕ್ಕೆ ಆರು ಲೀಟರ್ ಹರಿದರೆ ಗೀಸರ್ ಬಿಟ್ಟ ನೀರು ನನ್ನ ಕೈಗೆ ಬರಲು 18 ಸೆಕೆಂಡ್ ಬೇಕು. ಈ ಬಗೆಯ ಗೀಸರಿನಲ್ಲಿ ಉರಿ ಅಷ್ಟೇ ಇರುತ್ತದೆ. ನಲ್ಲಿ ತಿರುಗಿಸಿ ಹರಿವು ಕಡಿಮೆ ಮಾಡಿದರೆ ನೀರು ಹೆಚ್ಚು ಕಾಯುತ್ತದೆ. ನೀರು ತಣ್ಣಗಿದೆ ಎಂದು ನಲ್ಲಿ ಬಿಗಿ ಮಾಡುತ್ತೇನೆ. ಏನೂ ಆಗುವುದಿಲ್ಲ. ಇನ್ನಷ್ಟು ಬಿಗಿ ಮಾಡುತ್ತೇನೆ. ಆಗಲೂ ಇಲ್ಲ. ಅಷ್ಟರಲ್ಲಿ ಮೊದಲ ತಿದ್ದುಪಡಿಯ ಬಿಸಿನೀರು, ಅದರ ಬೆನ್ನಿಗೇ ಎರಡನೆಯದು, ಬೆನ್ನ ಮೇಲೆ. ಹೌಹಾರಿ ಪೂರ್ತಿ ತೆರೆಯುತ್ತೇನೆ. ಮುಂದಿನ ಸುತ್ತು ಮಂಜುಗಡ್ಡೆಯದು. ಲೆಕ್ಕ ಹಾಕಿದರೆ ಇಂಥ ತೂಗಾಟದ ಒಂದು ಸುತ್ತಿಗೆ ತಡದ ನಾಲ್ಕು ಪಟ್ಟು, ಅಂದರೆ 72 ಸೆಕೆಂಡ್. ಮೈಮೇಲೆ ಸೋಪಿದ್ದಾಗ ಅದು ಬಹಳ ದೀರ್ಘ ಕಾಲ.

ಇಲ್ಲಿ ಅಳತೆ ತಪ್ಪಲ್ಲ, ತಿದ್ದಿದ ದಿಕ್ಕೂ ತಪ್ಪಲ್ಲ. ಹದಿನೆಂಟು ಸೆಕೆಂಡ್ ಹಳೆಯ ಸುದ್ದಿಯನ್ನು ಈಗಿನದೆಂದು ನಂಬಿ ಜೋರಾಗಿ ತಿದ್ದಿದ್ದೇ ತಪ್ಪು. ಸಿದ್ಧಾಂತ ಒಂದು ಚೊಕ್ಕ ಮಿತಿಯನ್ನೂ ಹೇಳುತ್ತದೆ: ಒಂದು ತಡದ ಅವಧಿಯಲ್ಲಿ ಕಂಡ ತಪ್ಪಿನ ಸುಮಾರು ಮೂರನೆಯ ಒಂದು ಭಾಗದಷ್ಟು ಮಾತ್ರ ತಿದ್ದುತ್ತಿದ್ದರೆ ನೀರು ತೂಗಾಡದೆ ಹದಕ್ಕೆ ಬರುತ್ತದೆ. ಒಂದೂವರೆ ಪಟ್ಟು ದಾಟಿದರೆ ತೂಗಾಟ ಬೆಳೆಯುತ್ತಲೇ ಹೋಗುತ್ತದೆ. ನಾನೀಗ ಸ್ವಲ್ಪ ತಿರುಗಿಸಿ, ಇಪ್ಪತ್ತರವರೆಗೆ ಎಣಿಸಿ, ಮತ್ತೆ ಮುಟ್ಟಿ ನೋಡುತ್ತೇನೆ. ಮನೆಯವರು ಒಳಗಿನಿಂದ ಎಣಿಕೆ ಕೇಳಿ ನಗುತ್ತಾರೆ.

‘ಋಣಾತ್ಮಕ’ ಹಿಮ್ಮಾಹಿತಿ ಕೆಟ್ಟದ್ದೇ?

ಇಲ್ಲ. ತಪ್ಪಿಗೆ ವಿರುದ್ಧ ದಿಕ್ಕಿನಲ್ಲಿ ತಿದ್ದುವುದು ಋಣಾತ್ಮಕ. ಹೆಸರು ನೋಡಿ ಹೆದರಬೇಡಿ. ಸಭೆಯಲ್ಲಿ ಮೈಕ್ ಕಿರುಚುತ್ತದಲ್ಲ, ಅದು ಧನಾತ್ಮಕ.

ಪಿಐಡಿ ಎಂದರೇನು, ಎಲ್ಲೆಲ್ಲೂ ಅದೇ ಏಕೆ?

ಮೂರು ಬಗೆಯ ಬುದ್ಧಿಯನ್ನು ಕೂಡಿಸಿದ ನಿಯಂತ್ರಕ. ಮೊದಲನೆಯದು ಈಗಿನ ತಪ್ಪಿಗೆ ತಕ್ಕಷ್ಟು ತಿದ್ದುತ್ತದೆ, ಅದು ಅನುಪಾತ (ಪಿ). ಎರಡನೆಯದು ಇಲ್ಲಿಯವರೆಗಿನ ತಪ್ಪನ್ನೆಲ್ಲ ಕೂಡಿಡುತ್ತದೆ, ಅದು ಅನುಕಲನ (ಐ). ಮೂರನೆಯದು ತಪ್ಪು ಎತ್ತ ಹೊರಟಿದೆ ಎಂದು ನೋಡಿ ಮುಂಚೆಯೇ ಎಚ್ಚರಿಸುತ್ತದೆ, ಅದು ಅವಕಲನ (ಡಿ). ಹೋಟೆಲಿನ ದೋಸೆ ಕಾವಲಿಯ ಮುಂದೆ ನಿಂತವರನ್ನು ಗಮನಿಸಿ. ಕಾವಲಿ ತಣಿದಿದ್ದರೆ ಉರಿ ಏರಿಸುತ್ತಾರೆ. ಏರಿಸಿದರೂ ಬೆಳಗಿನಿಂದ ದೋಸೆ ಬಿಳಿಚಿಕೊಂಡೇ ಏಳುತ್ತಿದ್ದರೆ ಉರಿಯ ಮಟ್ಟವನ್ನೇ ಒಂದು ಗೆರೆ ಮೇಲಕ್ಕೆ ಕೂಡಿಸುತ್ತಾರೆ. ಕಾವು ಭರದಿಂದ ಏರುತ್ತಿದೆ ಎನಿಸಿದರೆ ಸುಡುವ ಮೊದಲೇ ನೀರು ಚಿಮುಕಿಸುತ್ತಾರೆ. ಹಡಗು ನಡೆಸುವ ಚುಕ್ಕಾಣಿಗರಲ್ಲಿ ಇದನ್ನೇ ಕಂಡು 1922ರಲ್ಲಿ ಗಣಿತಕ್ಕೆ ಇಳಿಸಿದವನು ನಿಕೊಲಾಸ್ ಮಿನೋರ್ಸ್ಕಿ.

ಎಲ್ಲೆಲ್ಲೂ ಇರುವುದಕ್ಕೆ ಕಾರಣ ಸರಳ. ಯಂತ್ರದ ಒಳಗುಟ್ಟು ಪೂರ್ತಿ ತಿಳಿಯದಿದ್ದರೂ ಮೂರು ತಿರುಪುಗಳನ್ನು ಹೊಂದಿಸಿ ಕೆಲಸ ನಡೆಸಬಹುದು. 1942ರಲ್ಲಿ ಜೀಗ್ಲರ್ ಮತ್ತು ನಿಕೋಲ್ಸ್ ಆ ತಿರುಪುಗಳಿಗೆ ಒಂದು ಅಂದಾಜು ವಿಧಾನವನ್ನೂ ಕೊಟ್ಟರು. ಅದು ನನ್ನ ರುಚಿಗೆ ತುಸು ಒರಟು. ಅದನ್ನು ಆರಂಭಕ್ಕೆ ಬಳಸಿ, ಅಲ್ಲೇ ನಿಲ್ಲಬೇಡಿ.

ಕರೆಂಟ್ ಹೋಗಿ ಬಂದಾಗ ನನ್ನ ನಿಯಂತ್ರಕ ಹುಚ್ಚಾಟ ಆಡುತ್ತದೆ, ಏಕೆ?

ಕೂಡಿಡುವ ಬುದ್ಧಿಯ ದೋಷ. ಹೀಟರಿಗೆ ಮಾತ್ರ ಕರೆಂಟ್ ಹೋಗಿ, ಯುಪಿಎಸ್ ಮೇಲೆ ನಿಯಂತ್ರಕ ಎಚ್ಚರವಾಗಿದೆ ಎಂದುಕೊಳ್ಳಿ. ಬಿಸಿ ಏರುತ್ತಿಲ್ಲವೆಂದು ಅದು ತಪ್ಪನ್ನು ಕೂಡಿಸುತ್ತಲೇ ಇರುತ್ತದೆ. ಕರೆಂಟ್ ಬಂದಾಗ ಅಷ್ಟೂ ಸೇಡನ್ನು ಒಟ್ಟಿಗೆ ತೀರಿಸಿಕೊಳ್ಳುತ್ತದೆ. ಔಟ್‌ಪುಟ್ ಮಿತಿ ಮುಟ್ಟಿದ ಕೂಡಲೇ ಕೂಡಿಸುವುದನ್ನು ನಿಲ್ಲಿಸುವ ಎರಡು ಸಾಲಿನ ಕೋಡ್ ಬರೆದರೆ ಸರಿಹೋಗುತ್ತದೆ. ಪರೀಕ್ಷೆಯಲ್ಲಿ ಇದನ್ನು ಕೇಳುವುದಿಲ್ಲ, ಕಾರ್ಖಾನೆಯಲ್ಲಿ ಮೊದಲ ವಾರವೇ ಎದುರಾಗುತ್ತದೆ.

ತೇಜಸ್ ವಿಮಾನವನ್ನು ಬೇಕೆಂದೇ ಅಸ್ಥಿರವಾಗಿ ಮಾಡಿದ್ದಾರಂತೆ, ನಿಜವೇ?

ನಿಜ. ಸ್ಥಿರವಾದ ವಿಮಾನ ತನ್ನ ದಾರಿಗೇ ಮರಳಲು ಹಟ ಮಾಡುತ್ತದೆ, ತಿರುಗಿಸಲು ಶ್ರಮ ಬೇಕು. ಯುದ್ಧವಿಮಾನಕ್ಕೆ ಆ ಹಟ ಬೇಡ. ಆದ್ದರಿಂದ ಮೂತಿ ಏಳುವ, ಇಳಿಯುವ ದಿಕ್ಕಿನಲ್ಲಿ ಸಹಜ ಸ್ಥಿರತೆಯನ್ನು ಬಿಟ್ಟುಕೊಟ್ಟು, ಕಂಪ್ಯೂಟರ್ ಕೈಗೆ ಕೆಲಸ ಒಪ್ಪಿಸಿದ್ದಾರೆ. ಪೈಲಟ್ ಕೋಲು ಎಳೆದರೆ ಅದು ರೆಕ್ಕೆಗೆ ಕೊಟ್ಟ ಆಜ್ಞೆಯಲ್ಲ, ಕಂಪ್ಯೂಟರಿಗೆ ಮಾಡಿದ ಕೋರಿಕೆ. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಆ ವ್ಯವಸ್ಥೆಯಲ್ಲಿ ನಾಲ್ಕು ಸಮಾನ ದಾರಿಗಳಿವೆ. ನಿಯಂತ್ರಣ ಸೂತ್ರಗಳನ್ನು ಹೆಣೆದ ತಂಡ ಕೆಲಸ ಮಾಡಿದ್ದು ಇಲ್ಲೇ, ವಿಮಾನ ಸಂಶೋಧನೆಯ ರಾಷ್ಟ್ರೀಯ ಪ್ರಯೋಗಾಲಯವಾದ ಎನ್‌ಎಎಲ್‌ನಲ್ಲಿ. 1998ರ ಅಣುಪರೀಕ್ಷೆಯ ನಂತರ ಅಮೆರಿಕದ ನೆರವು ನಿಂತುಹೋಯಿತು, ಕೆಲಸ ನಿಲ್ಲಲಿಲ್ಲ. 2001ರ ಜನವರಿ 4ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಿಂದ ಮೊದಲ ವಿಮಾನ ಏರಿತು. ಕರಗದ ಗಣಿತವೇ, ಆದರೆ ಕತ್ತಿನ ಬದಲು ರೆಕ್ಕೆಯಂಚಿನ ಪಟ್ಟಿಗಳು.

ಚಂದ್ರಯಾನವನ್ನು ಬೆಂಗಳೂರಿನಿಂದ ಕೈಯಾರೆ ಇಳಿಸಬಹುದಿತ್ತಲ್ಲ?

ಗೀಸರಿನ ಕೊಳವೆಯನ್ನು ನೆನಪಿಸಿಕೊಳ್ಳಿ. ಚಂದ್ರ ಸುಮಾರು 3,84,000 ಕಿಲೋಮೀಟರ್ ದೂರ. ರೇಡಿಯೋ ಸಂಕೇತ ಬರಲು 1.3 ಸೆಕೆಂಡ್, ಮರಳಿ ಹೋಗಲು ಮತ್ತೆ ಅಷ್ಟೇ. ಪೀಣ್ಯದಲ್ಲಿರುವ ಇಸ್ರೋದ ನಿಯಂತ್ರಣ ಕೇಂದ್ರ ಇಸ್ಟ್ರ್ಯಾಕ್‌ನ ಪರದೆಯ ಮೇಲೆ ಕಂಡದ್ದಕ್ಕೆ ಉತ್ತರ ಕೊಡುವಷ್ಟರಲ್ಲಿ ಎರಡೂವರೆ ಸೆಕೆಂಡ್ ದಾಟಿರುತ್ತದೆ. ಹಾಗಾಗಿ ಕೊನೆಯ ಇಳಿತದಲ್ಲಿ ಅರಿಯುವ, ತಿದ್ದುವ ಸುತ್ತು ಪೂರ್ತಿ ಲ್ಯಾಂಡರ್ ಒಳಗೇ ನಡೆಯಬೇಕು. ನಾವೆಲ್ಲ ಉಸಿರು ಹಿಡಿದು ಪರದೆಯಲ್ಲಿ ನೋಡಿದ ಇಳಿತದ ಆ ಗೆರೆ ಆಗಲೇ ನಡೆದುಹೋದದ್ದು.

2019ರ ಸೆಪ್ಟೆಂಬರಿನಲ್ಲಿ ವಿಕ್ರಮ್ ಅಪ್ಪಳಿಸಿದ್ದಕ್ಕೆ ಇಸ್ರೋ ಮುಂದೆ ಕೊಟ್ಟ ವಿವರಣೆಯನ್ನು ನಾನು ಪಾಠಕ್ಕೆ ಬಳಸುತ್ತೇನೆ. ಐದು ಎಂಜಿನ್‌ಗಳ ನೂಕುಬಲ ನಿರೀಕ್ಷೆಗಿಂತ ಹೆಚ್ಚಿತ್ತು, ತಪ್ಪುಗಳು ಕೂಡುತ್ತ ಹೋದವು. ತಿದ್ದಲು ನೌಕೆ ಬೇಗ ತಿರುಗಬೇಕಾಯಿತು, ಆದರೆ ತಿರುಗುವ ವೇಗಕ್ಕೆ ತಂತ್ರಾಂಶದಲ್ಲೇ ಮಿತಿ ಇತ್ತು. ಇಳಿಯಬೇಕಾದ ಜಾಗ ಬರೀ 500 ಮೀಟರ್ ಉದ್ದಗಲ. ಏನು ಮಾಡಬೇಕೆಂದು ತಿಳಿದೂ ಕೈ ಸಾಲದ ಸ್ಥಿತಿ ಅದು. ನಾವು ಸ್ಯಾಚುರೇಶನ್ ಎನ್ನುತ್ತೇವೆ. ಮೂರನೆಯ ಯಾನದಲ್ಲಿ ನಡುವಿನ ಎಂಜಿನ್ ತೆಗೆದರು, ವೇಗವನ್ನು ನೇರವಾಗಿ ಅಳೆಯುವ ಲೇಸರ್ ಉಪಕರಣ ಸೇರಿಸಿದರು, ಇಳಿಯುವ ಜಾಗವನ್ನು 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು. 2023ರ ಆಗಸ್ಟ್ 23ರ ಸಂಜೆ ನಡೆದದ್ದು ಎಲ್ಲರಿಗೂ ಗೊತ್ತು.

ಅಳೆಯಲಾಗದ್ದನ್ನು ತಿಳಿಯುವುದು ಹೇಗೆ?

ಮಾದರಿಯಿಂದ ಊಹಿಸಿ, ಅಳತೆಯಿಂದ ತಿದ್ದಿ. ಮೊಬೈಲಿನಲ್ಲಿ ಬಿಎಂಟಿಸಿ ಬಸ್ಸಿನ ಚುಕ್ಕೆ ಒಮ್ಮೊಮ್ಮೆ ಕಟ್ಟಡದ ಮೇಲೆ ಹಾರಿ ಕೂರುತ್ತದೆ. ಬಸ್ಸು ಹಾರದು ಎಂದು ನಿಮಗೆ ಗೊತ್ತು. ಬಸ್ಸಿನ ಹಿಂದಿನ ಜಾಗ, ವೇಗ ತಿಳಿದಿದ್ದರೆ ಈಗ ಎಲ್ಲಿರಬೇಕೆಂದು ಊಹಿಸಬಹುದು. ಊಹೆಯನ್ನು ಎಷ್ಟು ನಂಬಬೇಕು, ಚುಕ್ಕೆಯನ್ನು ಎಷ್ಟು ನಂಬಬೇಕು ಎಂದು ತೂಗಿ ನೋಡುವ ಲೆಕ್ಕವನ್ನು ರುಡಾಲ್ಫ್ ಕಾಲ್ಮನ್ 1960ರಲ್ಲಿ ಕೊಟ್ಟ. ಅಪೋಲೊ ಯಾನಗಳಲ್ಲೂ ಅದು ಕೆಲಸ ಮಾಡಿತು.

ಕೇಯಾಸ್ ಎಂದರೆ ಅಡ್ಡಾದಿಡ್ಡಿಯೇ?

ನಿಯಮ ಖಚಿತವಾಗಿರುತ್ತದೆ, ಮುನ್ಸೂಚನೆ ಮಾತ್ರ ಕೈಕೊಡುತ್ತದೆ. ಎಡ್ವರ್ಡ್ ಲೊರೆಂಜ್ ಹವಾಮಾನದ ಲೆಕ್ಕವನ್ನು ನಡುವಿನಿಂದ ಮತ್ತೆ ಓಡಿಸುವಾಗ 0.506127 ಬದಲು 0.506 ಎಂದು ಬರೆದ. ಸ್ವಲ್ಪ ಹೊತ್ತಿನಲ್ಲೇ ಎರಡು ಹವಾಮಾನಗಳಿಗೂ ಸಂಬಂಧವೇ ಉಳಿಯಲಿಲ್ಲ. 1963ರಲ್ಲಿ ಅದನ್ನು ಪ್ರಕಟಿಸಿದ. ಒಂದು ಕ್ಯಾಲ್ಕುಲೇಟರ್ ಇದ್ದರೆ ನೀವೂ ನೋಡಬಹುದು. ಸೊನ್ನೆ ಮತ್ತು ಒಂದರ ನಡುವೆ ಒಂದು ಸಂಖ್ಯೆ ತೆಗೆದುಕೊಳ್ಳಿ, ಒಂದರಿಂದ ಅದನ್ನು ಕಳೆದು ಬಂದದ್ದರಿಂದ ಅದನ್ನೇ ಗುಣಿಸಿ, ಮತ್ತೆ 2.8ರಿಂದ ಗುಣಿಸಿ. ಬಂದ ಉತ್ತರಕ್ಕೆ ಇದನ್ನೇ ಮಾಡುತ್ತ ಹೋಗಿ, ಒಂದೇ ಸಂಖ್ಯೆಯಲ್ಲಿ ನಿಲ್ಲುತ್ತದೆ. 3.2 ಇಟ್ಟರೆ ಎರಡು ಸಂಖ್ಯೆಗಳ ನಡುವೆ ಓಲಾಡುತ್ತದೆ. 3.9 ಇಟ್ಟು ನೋಡಿ.

ಟ್ರಾಫಿಕ್ ಕೂಡ ಚಲನಶೀಲ ವ್ಯವಸ್ಥೆಯೇ? ಅಪಘಾತವೂ ಇಲ್ಲ, ಗುಂಡಿಯೂ ಇಲ್ಲ, ಆದರೂ ನಿಲ್ಲುತ್ತೇವಲ್ಲ?

ಗುಂಡಿ ಇಲ್ಲದ ರಸ್ತೆಯನ್ನು ನಾನೂ ನೋಡಬೇಕು. ಆದರೆ ಪ್ರಶ್ನೆ ಸರಿಯಾಗಿದೆ. 2008ರಲ್ಲಿ ಜಪಾನಿನ ಸಂಶೋಧಕರು 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳನ್ನು ಒಂದೇ ವೇಗದಲ್ಲಿ ಓಡಿಸಲು ಹೇಳಿದ ಪ್ರಯೋಗ ಪ್ರಕಟವಾಯಿತು. ಸಿಗ್ನಲ್ ಇಲ್ಲ, ಅಡ್ಡ ಬರುವವರಿಲ್ಲ. ಆದರೂ ಸ್ವಲ್ಪ ಹೊತ್ತಿಗೆ ಒಂದೆಡೆ ಕಾರುಗಳು ನಿಂತವು, ಆ ನಿಲುಗಡೆ ಹಿಮ್ಮುಖವಾಗಿ ಅಲೆಯಂತೆ ಸಾಗಿತು. ಮುಂದಿನವನು ತುಸು ಬ್ರೇಕ್ ಒತ್ತಿದ, ಹಿಂದಿನವನು ತಡವಾಗಿ ಕಂಡು ಹೆಚ್ಚು ಒತ್ತಿದ, ಅವನ ಹಿಂದಿನವನು ಇನ್ನೂ ಹೆಚ್ಚು. ಮತ್ತೆ ಅದೇ ತಡ, ಅದೇ ಅತಿ ತಿದ್ದುಪಡಿ. ಸಿಲ್ಕ್ ಬೋರ್ಡ್ ಕಡೆಯಿಂದ ಬರುವವರು ತಡವಾದುದಕ್ಕೆ ನನ್ನೆದುರು ಈ ಪ್ರಯೋಗವನ್ನೇ ನೆಪ ಹೇಳುವುದುಂಟು. ಒಪ್ಪಿಕೊಳ್ಳುತ್ತೇನೆ.

ಇಡೀ ದೇಶದ ವಿದ್ಯುತ್ ಒಂದೇ ವ್ಯವಸ್ಥೆಯೇ?

2013ರ ಡಿಸೆಂಬರ್ 31ರಿಂದ ಹೌದು. ಅಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಜಾಲ ಉಳಿದ ದೇಶದ ಲಯಕ್ಕೆ ಸೇರಿತು. ಅಂದಿನಿಂದ ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಜನರೇಟರುಗಳು ಒಂದೇ ತಾಳದಲ್ಲಿ, ಸೆಕೆಂಡಿಗೆ 50 ಸಲದ ಆಸುಪಾಸಿನಲ್ಲಿ ಮಿಡಿಯುತ್ತವೆ. ಬೇಡಿಕೆ ಹೆಚ್ಚಿದರೆ ಆ ಸಂಖ್ಯೆ ಇಳಿಯುತ್ತದೆ, ಕಡಿಮೆಯಾದರೆ ಏರುತ್ತದೆ. ಅದನ್ನು 49.90 ಮತ್ತು 50.05ರ ನಡುವೆ ಇಡಬೇಕೆಂಬುದು ನಿಯಮ. ದಕ್ಷಿಣದ ಮಟ್ಟಿಗೆ ಇದರ ಮೇಲೆ ಕಣ್ಣಿಟ್ಟಿರುವ ಕೇಂದ್ರ ಬೆಂಗಳೂರಿನಲ್ಲೇ ಇದೆ.

ಎಲ್ಲಿಂದ ಆರಂಭಿಸಲಿ, ಎಷ್ಟು ಗಣಿತ ಬೇಕು?

ಪಿಯುಸಿಯ ಅವಕಲನ, ಅನುಕಲನ ಗಟ್ಟಿಯಿರಲಿ. ಮಾತೃಕೆಗಳ ಐಗನ್ ಮೌಲ್ಯ ಎಂದರೇನೆಂದು ಚಿತ್ರ ಬರೆದು ತಿಳಿಯಿರಿ. ಲಾಪ್ಲಾಸ್ ಆಮೇಲೆ. ಲೆಕ್ಕ ಮಾಡಿ ನೋಡಲು ಪೈಥಾನ್ ಅಥವಾ ಆಕ್ಟೇವ್ ತಂತ್ರಾಂಶ ಉಚಿತ, ಐಐಟಿಗಳ ಎನ್‌ಪಿಟಿಇಎಲ್ ಆನ್‌ಲೈನ್ ಪಾಠಗಳೂ ಉಚಿತ. ಅದಕ್ಕಿಂತ ಮುಖ್ಯವಾಗಿ ಒಂದು ಶನಿವಾರ ಎಸ್‌ಪಿ ರಸ್ತೆಗೆ ಹೋಗಿ ಸಣ್ಣ ಮೋಟಾರು, ಕೋನ ಅಳೆಯುವ ಸಂವೇದಕ, ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಒಂದನ್ನು ಕೊಂಡು ತನ್ನಿ. ಮೋಟಾರನ್ನು ಹೇಳಿದ ಕೋನದಲ್ಲಿ ನಿಲ್ಲಿಸಿ. ನಿಮ್ಮ ಸಿಮ್ಯುಲೇಶನ್ ಎಷ್ಟು ಸುಳ್ಳು ಹೇಳುತ್ತಿತ್ತು ಎಂಬುದು ಅಂದೇ ತಿಳಿಯುತ್ತದೆ.

ಖರ್ಚಿಲ್ಲದ ಪ್ರಯೋಗ ಇಲ್ಲವೇ?

ಇದೆ. ಒಂದು ಮೀಟರ್ ಉದ್ದದ ಕೋಲನ್ನು ಅಂಗೈ ಮೇಲೆ ನೆಟ್ಟಗೆ ನಿಲ್ಲಿಸಿ. ಮೊದಲು ಕೋಲಿನ ತುದಿಯನ್ನೇ ನೋಡುತ್ತ ನಿಲ್ಲಿಸಿ, ಹತ್ತು ನಿಮಿಷದ ಅಭ್ಯಾಸದಲ್ಲಿ ಬರುತ್ತದೆ. ಆಮೇಲೆ ನೋಟವನ್ನು ಕೋಲಿನ ನಡುವಿಗೆ ಇಳಿಸಿ. ಕಷ್ಟವಾಗುತ್ತದೆ. ಕೊನೆಗೆ ಅಂಗೈ ಹತ್ತಿರದ ಬುಡವನ್ನಷ್ಟೇ ನೋಡಿ. ಕೋಲು ಅದೇ, ಕೈ ಅದೇ, ಬದಲಾದದ್ದು ಅಳೆಯುವ ಜಾಗ ಮಾತ್ರ. ಬಿದ್ದ ಕೋಲನ್ನು ಎತ್ತಿಕೊಂಡು, ಏಕೆ ಹೀಗೆ ಎಂಬುದಕ್ಕೆ ಸಮೀಕರಣ ಬರೆಯಿರಿ. ಮುಂದಿನ ಭಾನುವಾರ ತನ್ನಿ, ನೋಡುತ್ತೇನೆ.